ಸೊನ್ನೆ ಸಾಲಿಗೆ ಊಟ ಹಾಕಿದ್ದು

ಈ ಸಂಗತಿಯನ್ನು ಬರೆದಿಡಬೇಕೆಂದು ನಿವೃತ್ತನಾದ ತಿಂಗಳಲ್ಲೇ ಒಂದು ನೋಟ್ ಪುಸ್ತಕ ತಂದಿಟ್ಟುಕೊಂಡೆ. ಆ ಪುಸ್ತಕದ ಅರ್ಧದಲ್ಲಿ ಈಗ ಮೊಮ್ಮಗಳು ನವಿಲು ಬರೆದಿದ್ದಾಳೆ. ಹಿಂದಿನ ಹಾಳೆಗಳಲ್ಲಿ ನನ್ನ ಹೆಂಡತಿ ಗ್ಯಾಸ್ ಸಿಲಿಂಡರ್ ಬಂದ ದಿನಗಳನ್ನು ಗುರುತು ಹಾಕಿದ್ದಾಳೆ. ಬರೆಯಲು ಕೂತಾಗಲೆಲ್ಲ ನನಗೆ ಬೇರೆ ಕೆಲಸ ನೆನಪಾಗುತ್ತಿತ್ತು. ಒಮ್ಮೆಯಂತೂ ಸೊಳ್ಳೆಪರದೆಯ ತೂತು ಹೊಲಿಯುತ್ತ ಇಡೀ ಮಧ್ಯಾಹ್ನ ಕಳೆದೆ. ನಮ್ಮ ಮನೆಯಲ್ಲಿ ಸೊಳ್ಳೆಪರದೆ ಕಟ್ಟುವುದನ್ನು ಬಿಟ್ಟು ಆಗಲೇ ವರ್ಷಗಳಾಗಿದ್ದವು.

ನಾನು ಹರವೆಯವನು. ಎಸ್ಸೆಸ್ಸೆಲ್ಸಿ ಪಾಸು. ಗುಂಡ್ಲುಪೇಟೆ ಹತ್ತಿರದ ಒಂದು ಸಸ್ಯಕ್ಷೇತ್ರದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕ್ಷೇತ್ರ ಸಹಾಯಕನಾಗಿದ್ದೆ. ನಾವು ಬೆಳೆಸುತ್ತಿದ್ದುದು ಹೂವಿನ ಗಿಡಗಳನ್ನಲ್ಲ, ಹಣ್ಣಿನ ಗಿಡಗಳನ್ನೂ ಅಲ್ಲ. ಎಲೆ ಚೆಂದವಾಗಿರುವುದೇ ಉದ್ಯೋಗವಾಗಿರುವ ಗಿಡಗಳನ್ನು: ಕ್ರೋಟನ್, ಮನಿಪ್ಲಾಂಟ್, ಡಿಫೆನ್‌ಬೇಕಿಯಾ. ಮದುವೆಯಾದ ಹೊಸದರಲ್ಲಿ ಮಾವನವರು ಕೇಳಿದ್ದರು, ಇದನ್ನು ತಿನ್ನುತ್ತಾರಾ, ದನಕ್ಕೆ ಹಾಕುತ್ತಾರಾ ಎಂದು. ಎರಡೂ ಇಲ್ಲ, ಸುಮ್ಮನೆ ನೋಡುತ್ತಾರೆ ಎಂದೆ. ಅವರು ಮಗಳ ಮುಖವನ್ನು ಒಂದು ಸಲ ನೋಡಿದರು.

ಈಗ ಈ ಕೆಲಸಕ್ಕೆ ಸೇರುವ ಹುಡುಗರಿಗೆ ಒಂದು ಮಾತು. ನಿಮ್ಮ ಕೈಯಲ್ಲಿ ಬಟ್ಟೆ ಕ್ಲಿಪ್ಪಿನಂಥ ಯಂತ್ರವಿದೆ. ಎಲೆಗೆ ಕಚ್ಚಿಸಿದರೆ ಹಸಿರು ಎಷ್ಟಿದೆ ಎಂಬ ಅಂಕಿ ಬರುತ್ತದೆ. ನಮಗೆ ಕಣ್ಣೇ ಯಂತ್ರವಾಗಿತ್ತು. ಕೆಳಗಿನ ಹಳೆಯ ಎಲೆ ಹಳದಿಯಾದರೆ ಸಾರಜನಕ ಸಾಲದು. ಅಂಚು ಸುಟ್ಟಂತಾದರೆ ಪೊಟ್ಯಾಷ್ ಕಡಿಮೆ. ತುದಿಯ ಹೊಸ ಎಲೆ ಬಿಳಿಚಿಕೊಂಡು ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣ ಬೇಕು. ಕಣ್ಣು ಹೇಳಿದ್ದನ್ನು ಖಾತ್ರಿ ಮಾಡಿಕೊಳ್ಳಲು ಎಲೆ ಕಿತ್ತು ಚಾಮರಾಜನಗರದ ಪ್ರಯೋಗಾಲಯಕ್ಕೆ ಒಯ್ಯಬೇಕಿತ್ತು. ಯಾವ ಎಲೆ ಎನ್ನುವುದೇ ಮುಖ್ಯ. ತುದಿಯಿಂದ ಎಣಿಸಿ, ಪೂರ್ತಿ ಬಿಚ್ಚಿಕೊಂಡ ಮೂರನೆಯ ಎಲೆ. ಸುರುಳಿ ಸುತ್ತಿರುವುದನ್ನು ಎಣಿಕೆಗೆ ಸೇರಿಸಬಾರದು. ನನ್ನ ಮೊದಲ ಅಧಿಕಾರಿ ಸುರುಳಿಯನ್ನೂ ಸೇರಿಸು ಎನ್ನುತ್ತಿದ್ದರು, ಎರಡನೆಯವರು ಬೇಡ ಎನ್ನುತ್ತಿದ್ದರು. ಇಬ್ಬರೂ ಒಟ್ಟಿಗೆ ಬಂದ ದಿನ ನಾನು ಎರಡೂ ಎಲೆ ಕಿತ್ತು ಒಂದೊಂದು ಜೇಬಿಗೆ ಹಾಕಿಕೊಂಡೆ. ಡಿಫೆನ್‌ಬೇಕಿಯಾದ ಹಾಲು ತಾಗಿದರೆ ವಿಪರೀತ ಕೆರೆತ. ಅದನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳಬಾರದು ಎಂಬ ಪಾಠ ಯಾವ ಪುಸ್ತಕದಲ್ಲೂ ಇರಲಿಲ್ಲ.

ಪ್ರಯೋಗಾಲಯದಲ್ಲಿ ಗುರುಸಿದ್ದು ಎಂಬ ಸಹಾಯಕನಿದ್ದ. ಎಲೆ ತೊಳೆದು, ಹದ ಬಿಸಿಯ ಪೆಟ್ಟಿಗೆಯಲ್ಲಿ ಎರಡು ದಿನ ಒಣಗಿಸಿ ಪುಡಿ ಮಾಡುವುದು ಅವನ ಕೆಲಸ. ಒಂದು ಮಳೆಗಾಲ ಬಿಸಿಲೇ ಬೀಳದಾಗ ಅವನು ಮನೆಯ ಸಂಡಿಗೆಯನ್ನೂ ಮಜ್ಜಿಗೆ ಮೆಣಸಿನಕಾಯಿಯನ್ನೂ ತಂದು ನಮ್ಮ ಕ್ರೋಟನ್ ಎಲೆಯ ತಟ್ಟೆಯಲ್ಲೇ ಹರಡಿಬಿಟ್ಟ. ಆ ತಿಂಗಳ ವರದಿಯಲ್ಲಿ ಸೋಡಿಯಂ ಏರಿ ಕೂತಿತ್ತು. ನಮ್ಮ ದೊಡ್ಡ ಸಾಹೇಬರು, ಕೊಳವೆಬಾವಿಗೆ ಉಪ್ಪು ಬಂದಿದೆ ಎಂದು ತೀರ್ಮಾನಿಸಿ ನೀರಿನ ಪರೀಕ್ಷೆ, ಮಣ್ಣಿನ ಪರೀಕ್ಷೆ ಎಲ್ಲ ಮಾಡಿಸಿದರು. ಉಪ್ಪು ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಆ ಸಂಡಿಗೆಯಲ್ಲಿ ಅರ್ಧ ತಿಂದವನು ನಾನೇ. ಆದರೆ ಬಾಯಿ ಬಿಡಲಿಲ್ಲ. ಮುಂದಿನ ತಿಂಗಳು ಬಿಸಿಲು ಬಂತು, ವರದಿ ಸರಿಹೋಯಿತು, ಸಾಹೇಬರು ತಾವೇ ಬಾವಿಯನ್ನು ಸರಿಮಾಡಿದಂತೆ ಓಡಾಡಿದರು. ಸುಮ್ಮನಿದ್ದರೆ ಎಲ್ಲ ತಾನಾಗಿ ತಣ್ಣಗಾಗುತ್ತದೆ ಎಂದು ನಾನು ಕಲಿತದ್ದು ಅಲ್ಲಿ. ಕಲಿಯಬಾರದಾಗಿತ್ತು.

ನನಗೆ ಆಮೇಲೆ ಒಂದು ಬಡ್ತಿಯೂ ಸಿಕ್ಕಿತು. ಅದು ಇಲ್ಲಿ ಬೇಡ.

ವಿನುತಾ ಮೇಡಂ ಬಂದದ್ದು ಅದಾದ ಕೆಲವು ವರ್ಷಕ್ಕೆ. ಚಿಕ್ಕ ವಯಸ್ಸು, ಚಾಮರಾಜನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು, ಹೆಲ್ಮೆಟ್ ತೆಗೆಯುವ ಮೊದಲೇ ಗಿಡ ನೋಡಲು ಹೋಗುತ್ತಿದ್ದರು. ಡಿಫೆನ್‌ಬೇಕಿಯಾಕ್ಕೆ ಎಷ್ಟು ಗೊಬ್ಬರ ಕೊಟ್ಟರೆ ಎಲೆಯಲ್ಲಿ ಎಷ್ಟು ಸಾರ ಸೇರುತ್ತದೆ, ಗಿಡ ಎಷ್ಟು ಬೆಳೆಯುತ್ತದೆ ಎಂಬುದು ಅವರ ಪ್ರಯೋಗ. ಅದರ ಮೇಲೆ ಅವರ ದೊಡ್ಡ ಪದವಿ ನಿಂತಿತ್ತು. ನೆರಳುಮನೆಯಲ್ಲಿ ಐದು ಸಾಲು, ಸಾಲಿಗೆ ಹನ್ನೆರಡು ಕುಂಡ. ನಾಲ್ಕು ಸಾಲಿಗೆ ಸ್ವಲ್ಪ, ಇನ್ನಷ್ಟು, ಜಾಸ್ತಿ, ತೀರಾ ಜಾಸ್ತಿ ಎಂದು ಗೊಬ್ಬರ. ಐದನೆಯ ಸಾಲಿಗೆ ಬರೀ ನೀರು. ಅದರ ಹಲಗೆಯ ಮೇಲೆ ಸೊನ್ನೆ ಬರೆದಿತ್ತು. ನಾವು ಸೊನ್ನೆ ಸಾಲು ಎನ್ನುತ್ತಿದ್ದೆವು.

ಈ ಸಾಲು ಯಾಕೆ ಎಂದು ಮೇಡಂ ಅವರನ್ನೇ ಕೇಳಿದೆ. ಗೊಬ್ಬರ ಹಾಕದಿದ್ದರೆ ಗಿಡ ಬೆಳೆಯುವುದಿಲ್ಲ ಎಂದು ನಮ್ಮೂರ ಕುರಿ ಕಾಯುವವನಿಗೂ ಗೊತ್ತು, ಅದನ್ನು ತಿಳಿಯಲು ಹನ್ನೆರಡು ಗಿಡವನ್ನು ಉಪವಾಸ ಕೆಡವಬೇಕೆ? ಅವರು ತಾಳ್ಮೆಯಿಂದ ವಿವರಿಸಿದರು. ಉಳಿದ ಸಾಲುಗಳು ಎಷ್ಟು ಬೆಳೆದವು ಎಂದು ಹೇಳಬೇಕಾದರೆ ಯಾವುದರಿಂದ ಎಂದು ಹೇಳಬೇಕಲ್ಲ, ಅದಕ್ಕೆ ಇದು. ನಾನು ತಲೆಯಾಡಿಸಿದೆ. ತಲೆಗೆ ಹೋಯಿತು, ಹೊಟ್ಟೆಗೆ ಹೋಗಲಿಲ್ಲ.

ಆ ನೆರಳುಮನೆಯಲ್ಲಿ ನನ್ನ ಜೊತೆ ದಿನಗೂಲಿಯ ಹೆಂಗಸೊಬ್ಬರಿದ್ದರು. ಹಂಗಳದಿಂದ ಬಸ್ಸಿನಲ್ಲಿ ಬರುತ್ತಿದ್ದರಿಂದ ಎಲ್ಲರೂ ಹಂಗಳದಾಕೆ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಒದ್ದೆ ಬಟ್ಟೆಯಲ್ಲಿ ಎಲೆಯ ಧೂಳು ಒರೆಸುವುದು ಅವರ ಕೆಲಸ. ಎಳೆ ಮಗುವಿನ ಕಿವಿ ಒರೆಸಿದ ಹಾಗೆ ಒರೆಸುತ್ತಿದ್ದರು. ಓದು ಬರುತ್ತಿರಲಿಲ್ಲ, ಆದರೆ ಹೊಸ ಎಲೆ ಬಿಚ್ಚಿದ ದಿನ ಕುಂಡದ ಮೇಲೆ ಸುಣ್ಣದ ಚುಕ್ಕಿ ಇಡುತ್ತಿದ್ದರು. ಮೇಡಂ ಅದನ್ನು ನೋಡಿ ಬೆರಗಾಗಿ, ಮುಂದಿನ ಪ್ರಯೋಗದಲ್ಲಿ ಎಲೆ ಎಣಿಸಿ ಗುರುತಿಡುವ ಕೆಲಸ ನಿಮ್ಮದೇ ಎಂದು ಮಾತು ಕೊಟ್ಟಿದ್ದರು. ಅಂದಿನಿಂದ ಆಕೆ ಕೆಲಸಕ್ಕೆ ಬರುವಾಗ ಸೀರೆಯ ನೆರಿಗೆ ಸರಿಮಾಡಿಕೊಂಡು ಒಳಗೆ ಬರುತ್ತಿದ್ದರು.

ಎರಡನೆಯ ತಿಂಗಳಿಗೆ ಸೊನ್ನೆ ಸಾಲಿನ ಕೆಳಗಿನ ಎಲೆಗಳು ಹಳದಿಯಾಗತೊಡಗಿದವು. ಹೊರಗಿನಿಂದ ಏನೂ ಸಿಕ್ಕದಾಗ ಗಿಡ ಹಳೆಯ ಎಲೆಯ ಸಾರವನ್ನು ಹೀರಿ ಹೊಸ ಎಲೆಗೆ ಕೊಡುತ್ತದೆ. ಇದನ್ನು ನನಗೆ ಕಲಿಸಿದ್ದೂ ಮೇಡಂ ಅವರೇ. ಕಲಿಸದಿದ್ದರೆ ಒಳ್ಳೆಯದಿತ್ತು. ನಾನು ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದುದು ಸರಿಯಾಗಿ ಆ ಸಾಲಿನ ಎದುರಿನ ಕಟ್ಟೆಯ ಮೇಲೆ. ನಮ್ಮ ಕಡೆ ಊಟಕ್ಕೆ ಕೂತಾಗ ಎದುರಿಗೆ ಯಾರಾದರೂ ನಿಂತಿದ್ದರೆ ಬನ್ನಿ ಉಣ್ಣನ ಎಂದು ಕರೆಯದೆ ತುತ್ತು ಎತ್ತುವುದಿಲ್ಲ. ಇಲ್ಲಿ ಹನ್ನೆರಡು ಜನ ನಿಂತಿದ್ದರು. ನಾನು ಬೆನ್ನು ತಿರುಗಿಸಿ ಕೂತೆ. ಆಗ ಅವರು ಬೆನ್ನನ್ನು ನೋಡುತ್ತಿದ್ದರು.

ಮಾರನೆಯ ವಾರ ಮನೆಯಿಂದ ಕಡಲೆಕಾಯಿ ಹಿಂಡಿ ತಂದೆ. ಬಿಂದಿಗೆಯಲ್ಲಿ ಮೂರು ದಿನ ನೆನೆಸಿ, ಸೋಸಿ, ನೀರು ಬೆರೆಸಿ, ಎಲ್ಲರೂ ಟೀಗೆ ಹೋದಾಗ ಕುಂಡಕ್ಕೆ ಒಂದೊಂದು ಲೋಟ ಹಾಕಿದೆ. ಸಾಯದಿದ್ದರೆ ಸಾಕು, ಒಂದೇ ಸಲ ಎಂದುಕೊಂಡಿದ್ದೆ. ವಾರಕ್ಕೆ ಎಲೆ ಹಸಿರಿಗೆ ತಿರುಗಿತು. ಆ ಸಂತೋಷ ತಡೆಯಲಾಗದೆ ಮತ್ತೊಂದು ಲೋಟ. ಆಮೇಲೆ ಪ್ರತಿ ವಾರ.

ನೆನೆದ ಹಿಂಡಿಯ ವಾಸನೆ ಗೊತ್ತಿರುವವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಮೇಡಂ ಮೂಗು ಮುಚ್ಚಿಕೊಂಡು ಏನದು ಎಂದರು. ಹೆಗ್ಗಣ ಸತ್ತಿರಬೇಕು ಎಂದೆ. ಹುಡುಕಿಸಿ ಎಂದರು. ಎರಡು ದಿನ ಆರು ಜನ ಇಲ್ಲದ ಹೆಗ್ಗಣವನ್ನು ಹುಡುಕಿದೆವು. ನಾನೇ ಮುಂದಾಳು. ಒಂದು ಕಡೆ ಮೊಣಕಾಲುದ್ದ ಗುಂಡಿಯನ್ನೂ ತೋಡಿಸಿದೆ. ಕಾವಲುಗಾರ, ಹೆಗ್ಗಣದ ಆತ್ಮ ಇರಬೇಕು ಎಂದು ಊದಿನಕಡ್ಡಿ ಹಚ್ಚಿದ.

ಇಷ್ಟಾದರೂ ಅಳತೆ ಬರೆಯುವಾಗ ನಾನು ಒಂದು ಅಂಗುಲ ಸುಳ್ಳು ಬರೆಯಲಿಲ್ಲ. ಆ ವಿಷಯದಲ್ಲಿ ನಾನು ಬಹಳ ಪ್ರಾಮಾಣಿಕ ಎಂದು ನನ್ನನ್ನೇ ಮೆಚ್ಚಿಕೊಂಡೆ. ನಾಲ್ಕನೆಯ ತಿಂಗಳಿಗೆ ಸೊನ್ನೆ ಸಾಲು ಎಲ್ಲರಿಗಿಂತ ಎತ್ತರ. ತೀರಾ ಜಾಸ್ತಿ ಗೊಬ್ಬರದ ಸಾಲಿನ ಎಲೆಯಂಚು ಸುಟ್ಟಿತ್ತು, ಸೊನ್ನೆಯ ಎಲೆ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು. ಚಾಮರಾಜನಗರದ ವರದಿಯೂ ಅದನ್ನೇ ಹೇಳಿತು: ಎಲೆಯಲ್ಲಿ ಅತಿ ಹೆಚ್ಚು ಸಾರಜನಕ ಇರುವುದು ಸಾರಜನಕ ಕೊಡದ ಸಾಲಿನಲ್ಲಿ.

ಮೇಡಂ ಆ ಹಾಳೆಯನ್ನು ತಲೆಕೆಳಗು ಹಿಡಿದೂ ನೋಡಿದರು. ನೀರು ಪರೀಕ್ಷೆ ಮಾಡಿಸಿದರು. ಕುಂಡದ ಮಣ್ಣು ತಂದ ಕೆರೆ ಯಾವುದೆಂದು ಕುಂಬಾರರನ್ನು ವಿಚಾರಿಸಿದರು. ದೊಡ್ಡ ಸಾಹೇಬರಿಗೆ ಮಾತ್ರ ಅನುಮಾನವೇ ಇರಲಿಲ್ಲ. ನಮ್ಮ ಗಾಳಿಯಲ್ಲೇ ಏನೋ ಇದೆ ಎಂದು ಮೇಲಿನವರಿಗೆ ಹೇಳಿ, ಅವರು ಬಂದು ನೋಡುವ ದಿನವನ್ನೂ ಗೊತ್ತು ಮಾಡಿಬಿಟ್ಟರು. ಹಲಗೆಗೆ ಹೊಸ ಬಣ್ಣ ಬಳಿಸಿದರು. ಗುಂಡ್ಲುಪೇಟೆಗೆ ಗಿಡ ಕೊಳ್ಳಲು ಬರುತ್ತಿದ್ದ ಕೇರಳದ ವ್ಯಾಪಾರಿಯೊಬ್ಬರು ಸೊನ್ನೆ ಸಾಲಿನ ಮುಂದೆ ಬಹಳ ಹೊತ್ತು ನಿಂತು, ನನ್ನನ್ನು ಪಕ್ಕಕ್ಕೆ ಕರೆದರು. "ಚೇಟ್ಟಾ, ನಿಜ ಹೇಳು. ಈ ಸೊನ್ನೆ ಯಾವ ಕಂಪನಿದು? ಎರಡು ಮೂಟೆ ಕೊಡಿಸು." ಸೊನ್ನೆ ಎಂದರೆ ಏನೂ ಹಾಕಿಲ್ಲ ಎಂದೆ. ಅವರು ನಕ್ಕು, ದೊಡ್ಡ ಕಳ್ಳ ನೀನು ಎಂಬಂತೆ ನನ್ನ ಬೆನ್ನು ತಟ್ಟಿದರು. ಆ ಹೊತ್ತಿಗೆ ನನ್ನನ್ನು ಸರಿಯಾಗಿ ತಿಳಿದಿದ್ದವರು ಅವರೊಬ್ಬರೇ.

ಮೇಲಿನವರು ಬರಲು ಒಂದು ವಾರವಿತ್ತು. ಮೇಡಂ ಸೊನ್ನೆ ಸಾಲಿನ ಎರಡು ಕುಂಡದಲ್ಲಿ ಇರುವೆ ಸಾಲು ಕಂಡರು. ಕೆದಕಿ ನೋಡಿದರೆ ಒಣಗಿದ ರಾಗಿಮುದ್ದೆಯ ಚೂರು. ಅದು ನನ್ನದಲ್ಲ. ಆಣೆ ಮಾಡಿ ಹೇಳುತ್ತೇನೆ, ನನ್ನ ಹಿಂಡಿ ಮೂರು ಸಲ ಸೋಸಿದ್ದು.

ಸಾಹೇಬರು ಎಲ್ಲರನ್ನೂ ನೆರಳುಮನೆಯಲ್ಲಿ ಸಾಲಾಗಿ ನಿಲ್ಲಿಸಿ, ಇಲ್ಲಿ ಮುದ್ದೆ ಉಣ್ಣುವವರು ಯಾರು ಎಂದು ಗುಡುಗಿದರು. ಹದಿನಾಲ್ಕು ಜನರೂ ಕೈ ಎತ್ತಿದರು. ಸಾಹೇಬರ ಡ್ರೈವರ್ ಕೂಡ. ಯಾರೋ ಕಿಸಕ್ಕೆಂದರು. ಆಗ ಹಂಗಳದಾಕೆ ಒಂದು ಹೆಜ್ಜೆ ಮುಂದೆ ಬಂದರು.

"ನಾನೇ ಸಾ. ಒಂದಿನ ನಲ್ಲಿ ಮೋರಿ ಕಟ್ಕಂಡಿತ್ತು. ಪಾತ್ರೆ ತೊಳ್ದ ನೀರ ಅಲ್ಲಿ ಸುರ್ದ್ಬುಟ್ಟೆ. ತಪ್ಪಾಯ್ತು."

"ಎಷ್ಟು ದಿನ ಸುರಿದೆ?"

"ಒಂದೇ ದಿನ ಸಾ."

"ಒಂದು ದಿನಕ್ಕೆ ಹಿಂಗೆ ಬೆಳೀತವಾ?" ಸಾಹೇಬರು ನನ್ನ ಕಡೆ ತಿರುಗಿದರು. "ಮಾದೇವಪ್ಪ, ದಿನಾ ಇಲ್ಲೇ ಇರ್ತೀಯಲ್ಲ. ಈಕೆ ದಿನಾ ಹಾಕ್ತಿದ್ಲಾ?"

ಎಲ್ಲರೂ ನನ್ನನ್ನು ನೋಡಿದರು. ಆಕೆಯೂ ನೋಡಿದರು, ಭಯದಿಂದಲ್ಲ, ನಾನು ನಿಜ ಹೇಳುತ್ತೇನೆಂಬ ಧೈರ್ಯದಿಂದ. ನನ್ನ ಹಿಂಡಿಯ ಬಿಂದಿಗೆ ಹತ್ತು ಅಡಿ ದೂರದಲ್ಲಿ ಗೋಣಿಚೀಲದ ಅಡಿ ಇತ್ತು.

"ನಾನ್ ನೋಡಿಲ್ಲ ಸಾರ್," ಎಂದೆ. "ಹಾಕಿದ್ರೂ ಹಾಕಿರ್ಬೌದು."

ಮೂವತ್ತು ವರ್ಷದ ನೌಕರಿಯಲ್ಲಿ ನಾನು ಆಡಿದ ಅತಿ ಕೆಟ್ಟ ಮಾತು ಇದು. ಬೈಗುಳವಲ್ಲ, ಪೂರ್ತಿ ಸುಳ್ಳೂ ಅಲ್ಲ. ಅದಕ್ಕೇ ಅಷ್ಟು ಸಲೀಸಾಗಿ ಬಂತು.

ಮೇಡಂ ಕುಂಡಗಳ ಹಿಂದೆ ಹೋಗಿ ಮುಖ ಒರೆಸಿಕೊಂಡು ಬಂದರು. ಅವರ ಒಂದು ವರ್ಷ ಹೋಯಿತು. ಮೇಲಿನವರ ಭೇಟಿ ರದ್ದಾಯಿತು. ಹಂಗಳದಾಕೆಯನ್ನು ನೆರಳುಮನೆಯಿಂದ ತೆಗೆದು, ಹೊರಗಿನ ಬಯಲಿನಲ್ಲಿ ಕಳೆ ಕೀಳಲು ಹಾಕಿದರು. ಎಲೆ ಎಣಿಸುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಉಳಿದವರು ಬಹಳ ದಿನ ಆಕೆಯನ್ನು ರೇಗಿಸಿದರು. ಏನ್ ರಾಗಿ ಕಣಮ್ಮಿ ನಿಂದು, ಒಂದ್ ಪಾತ್ರೆ ತೊಳ್ದ ನೀರ್ಗೆ ಗಿಡ ಆಳೆತ್ತರ ಆಯ್ತವೆ, ನಮ್ಮ ಹೊಲಕ್ಕೂ ಒಸಿ ಬಂದು ಪಾತ್ರೆ ತೊಳ್ದೋಗು. ಆಕೆ ನಗುತ್ತಿರಲಿಲ್ಲ. ತನ್ನ ಒಂದು ಪಾತ್ರೆಯ ನೀರೇ ಎಲ್ಲ ಕೆಡಿಸಿತು ಎಂದು ಆಕೆ ಪೂರ್ತಿ ನಂಬಿದ್ದರು.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ. ನಾಲ್ಕು ದಿನದ ಮೇಲೆ ಆಕೆ ನನ್ನನ್ನು ಹುಡುಕಿಕೊಂಡು ಬಂದರು. ಸೊನ್ನೆ ಸಾಲಿನ ಉಸ್ತುವಾರಿ ನನ್ನದಾಗಿತ್ತಲ್ಲ, ಸಾಹೇಬರು ನನಗೂ ನಾಲ್ಕು ಮಾತು ಅಂದಿದ್ದರು. "ನನ್ನಿಂದ ನಿಮ್ಗೂ ಬೈಗ್ಳ ಆಯ್ತು ಮಾದೇವಣ್ಣ. ಮನ್ಸಲ್ಲಿ ಮಡಿಕ್ಕಬ್ಯಾಡಿ," ಎಂದು ಕೈ ಮುಗಿದರು.

ನಾನು ಏನು ಮಾಡಿದೆ ಗೊತ್ತೇ? ಕ್ಷಮಿಸಿದೆ. "ಆಯ್ತು ಬುಡಮ್ಮ, ಇನ್ಮೇಲೆ ಹಂಗ್ ಮಾಡ್ಬ್ಯಾಡ," ಎಂದೆ. ಧ್ವನಿಯಲ್ಲಿ ದೊಡ್ಡತನವೂ ಇತ್ತು.

ಮೇಡಂ ಪ್ರಯೋಗವನ್ನು ಮೊದಲಿನಿಂದ ಮಾಡಿದರು, ಈ ಸಲ ತಂತಿ ಬೇಲಿ ಹಾಕಿ, ಬೀಗ ಜಡಿದು. ಕೀಲಿ ನನ್ನ ಕೈಗೆ ಕೊಟ್ಟರು, ನಂಬಿಕಸ್ಥ ಎಂದು. ಹನ್ನೆರಡು ಗಿಡ ಕಣ್ಣೆದುರಿಗೇ ಬಡಕಲಾದವು. ನಾನು ಊಟದ ಜಾಗವನ್ನು ಪಂಪಿನ ಮನೆಯ ಹಿಂದಕ್ಕೆ ಬದಲಾಯಿಸಿದೆ. ವರದಿಗಳು ಹೇಗೆ ಬರಬೇಕೋ ಹಾಗೆ ಬಂದವು, ಅವರಿಗೆ ಪದವಿ ಸಿಕ್ಕಿತು, ವರ್ಗವಾಗಿ ಹೋದರು. ಹಂಗಳದಾಕೆ ಇನ್ನೊಂದೆರಡು ವರ್ಷ ಬಿಸಿಲಲ್ಲಿ ಕಳೆ ಕಿತ್ತು, ಆಮೇಲೆ ಬರುವುದನ್ನು ಬಿಟ್ಟರು.

ನಿವೃತ್ತನಾದ ಮೇಲೆ ಧೈರ್ಯ ಮಾಡಿ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ನಗತೊಡಗಿದರು, ಕೆಮ್ಮು ಬರುವ ತನಕ ನಕ್ಕರು. ಒಂದು ಪಾತ್ರೆ ನೀರಿನಲ್ಲಿ ಅಷ್ಟು ಸಾರಜನಕ ಬರಲು ಸಾಧ್ಯವಿಲ್ಲ ಎಂದು ಆಗಲೂ ಅನ್ನಿಸಿತ್ತಂತೆ, ಯಾರನ್ನು ಅನುಮಾನಿಸಬೇಕೋ ತಿಳಿಯಲಿಲ್ಲವಂತೆ. ಹೆಗ್ಗಣದ ಗುಂಡಿ ನೆನಪಾಗಿ ಮತ್ತೆ ನಕ್ಕರು. ನಗು ನಿಂತ ಮೇಲೆ ಒಂದೇ ಮಾತು ಕೇಳಿದರು. "ಆಕೆಗೆ ಹೇಳಿದ್ರಾ?"

ಅದಕ್ಕೇ ಹಂಗಳಕ್ಕೆ ಹೋದೆ. ಬಸ್ಸಿಳಿದು ಕೇಳಿದರೆ ಮನೆ ತೋರಿಸಿದರು. ಆಕೆ ನನ್ನನ್ನು ನೋಡಿ ಬಹಳ ಸಂತೋಷಪಟ್ಟರು. ಸೊಸೆಗೆ ನನ್ನನ್ನು ಪರಿಚಯಿಸಿದ್ದು ಹೀಗೆ: "ಇವ್ರೇ ಕಣಮ್ಮಿ ಮಾದೇವಣ್ಣ. ನಾನ್ ಮಾಡಿದ್ ತಪ್ಗೆ ಬೈಸ್ಕಂಡು, ಒಂದ್ ಮಾತ್ ಅನ್ಲಿಲ್ಲ ನಂಗೆ." ಬೆಲ್ಲದ ಕಾಫಿ ಕೊಟ್ಟರು. ನಾನು ಲೋಟ ಹಿಡಿದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಆಕೆ ಹಿತ್ತಲಲ್ಲಿ ಮುದ್ದೆಯ ಪಾತ್ರೆ ತೊಳೆದರು. ಪಕ್ಕದಲ್ಲೇ ಕರಿಬೇವಿನ ಗಿಡವಿತ್ತು, ಕೆಳಗಿನ ಎಲೆಗಳೆಲ್ಲ ಹಳದಿ. ಆಕೆ ಆ ನೀರನ್ನು ಗಿಡಕ್ಕೆ ಸುರಿಯದೆ, ಸೊಂಟ ಹಿಡಿದುಕೊಂಡು ಮನೆ ಸುತ್ತಿ ನಡೆದು, ರಸ್ತೆಯ ಮೋರಿಗೆ ಚೆಲ್ಲಿ ಬಂದರು.

ಯಾಕೆ ಎಂದು ಕೇಳಿದೆ.

"ಅವತ್ನಿಂದ ಗಿಡುದ್ ಬುಡುಕ್ಕೆ ಪಾತ್ರೆ ನೀರ ಸುರಿಯಕ್ಕೆ ಕೈಯೇ ಬರಾಕಿಲ್ಲ ಕಣಣ್ಣ. ಆ ಮೇಡಮ್ಮ ಕಣ್ಣೀರ್ ಆಕಿದ್ದು ಗ್ಯಾನ ಬತ್ತದೆ."

ಆಗ ಹೇಳಬೇಕಿತ್ತು. ನಾನು ಬಾಯಿ ತೆರೆದೆ. ಬಂದದ್ದು ಕರಿಬೇವಿನ ಪೋಷಕಾಂಶದ ಮೇಲೆ ಒಂದು ಭಾಷಣ. ಸಾರಜನಕ ಸಾಲದು, ಹಳೆ ಎಲೆ ನೋಡಿ, ಹಿಂಡಿ ನೆನೆಸಿ ಹಾಕಿ, ಮೂರು ದಿನ ನೆನೆಯಲಿ, ಸೋಸಲು ಮರೆಯಬೇಡಿ. ಆಕೆ ಶ್ರದ್ಧೆಯಿಂದ ಕೇಳಿಸಿಕೊಂಡರು. ಹೊರಡುವಾಗ ಸೊಸೆಯ ಕೈಲಿ ಒಂದು ಹಿಡಿ ಅವರೆಕಾಯಿ ಕಟ್ಟಿಸಿ ಕೊಟ್ಟರು. ನಾನು ಅದನ್ನೂ ತೆಗೆದುಕೊಂಡು ಬಸ್ ಹತ್ತಿದೆ.

ಆಕೆಗೆ ಓದಲು ಬಾರದು. ಸೊಸೆಗೆ ಬರುತ್ತದೆ. ಇದನ್ನು ಆಕೆಗೆ ಗಟ್ಟಿಯಾಗಿ ಓದಿ ಹೇಳಲಿ ಎಂದು ಆಕೆಯ ಹೆಸರನ್ನೂ ಬರೆಯುತ್ತಿದ್ದೇನೆ. ಹಂಗಳದಾಕೆ ಎಂದು ಇಷ್ಟು ಕಾಲ ಕರೆದೆನಲ್ಲ, ಹಾಜರಿ ಪುಸ್ತಕದಲ್ಲಿ ದಿನವೂ ಆಕೆಯ ನಿಜವಾದ ಹೆಸರು ಬರೆಯುತ್ತಿದ್ದವನು ನಾನೇ. ನಿಮ್ಮ ನೀರಿನಿಂದ ಏನೂ ಆಗಲಿಲ್ಲ. ಹನ್ನೆರಡು ಕುಂಡಕ್ಕೂ ಹಾಕಿದವನು ನಾನು, ದೊಡ್ಡತಾಯಮ್ಮ.